ನಾಯಿ ಅಲುಗಾಡಿತು ಎಂಬ ನಿಮ್ಮ ಉತ್ತರದ ಬಗ್ಗೆ ದೂರು

ಇವರಿಗೆ,
ವ್ಯವಸ್ಥಾಪಕರು, ಗ್ರಾಹಕ ಸೇವಾ ವಿಭಾಗ
(ಮನೆಮನೆಗೆ ವ್ಯಾನ್ ಕಳಿಸಿ ಸಾಕುಪ್ರಾಣಿಗಳ ಗ್ರೂಮಿಂಗ್ ಮಾಡುವ ಸಂಸ್ಥೆ)
ಬೆಂಗಳೂರು

ಇವರಿಂದ,
ನಿಮ್ಮ ಗ್ರಾಹಕಿ, ವಿಜಯನಗರ, ಬೆಂಗಳೂರು

ವಿಷಯ: ಮೊದಲೇ ನೋಯುತ್ತಿದ್ದ ಪಾದದ ಉಗುರುಗಳನ್ನು ರಕ್ತ ಬರುವಂತೆ ಕತ್ತರಿಸಿದ್ದು, ಅದನ್ನು ಮುಚ್ಚಿಟ್ಟಿದ್ದು, ಫೋನಿನಲ್ಲಿ ಅಪಾಯದ ಔಷಧ ಸೂಚಿಸಿದ್ದು

ಮಾನ್ಯರೇ,

ನಿಮ್ಮ ಇ-ಮೇಲ್ ತಲುಪಿತು. "ನಾಯಿ ಅಲುಗಾಡಿದ್ದರಿಂದ ಸಣ್ಣ ಗಾಯವಾಗಿದೆ, ವಿಷಾದಿಸುತ್ತೇವೆ" ಎಂದು ಬರೆದಿದ್ದೀರಿ. ಜೊತೆಗೆ ಮುಂದಿನ ಬುಕಿಂಗ್‌ಗೆ ಶೇ. 20 ರಿಯಾಯಿತಿಯ ಕೂಪನ್. ಕೂಪನ್ ನನಗೆ ಬೇಡ. ಉಗುರು ಕತ್ತರಿಸುವಾಗ ಕಲ್ಲಿನ ಹಾಗೆ ಕೂರುವ ನಾಯಿಯನ್ನು ನಾನಂತೂ ನೋಡಿಲ್ಲ. ಅಲುಗಾಡುವ ನಾಯಿಗೂ ಗಾಯವಾಗದ ಹಾಗೆ ಕತ್ತರಿಸಲಿ ಅಂತಲೇ ಅಲ್ವಾ ನಿಮಗೆ ದುಡ್ಡು ಕೊಡುವುದು?

ಉಗುರಿನಲ್ಲಿ ರಕ್ತ ಬಂತು ಎಂಬುದಕ್ಕೇ ನಾನು ಇಷ್ಟುದ್ದ ಪತ್ರ ಬರೆಯುತ್ತಿರಲಿಲ್ಲ. ಡಾಕ್ಟರ್ ಕೈಯಲ್ಲೂ ಅದು ಒಮ್ಮೊಮ್ಮೆ ಆಗುತ್ತದೆ. ಆದರೆ ನಾನು ಬರೆದುಕೊಟ್ಟ ಮಾಹಿತಿ ಕಟರ್ ಹಿಡಿದವನಿಗೆ ತಲುಪಲೇ ಇಲ್ಲ. ಗಾಯವಾದ ಮೇಲೆ ಯಾರೂ ನನಗೆ ಹೇಳಲಿಲ್ಲ. ಈ ಎರಡರ ಬಗ್ಗೆ ನಿಮ್ಮ ಮೇಲ್‌ನಲ್ಲಿ ಒಂದಕ್ಷರವೂ ಇಲ್ಲ.

ಗುಂಡ ನಮ್ಮ ಬೀದಿಯಲ್ಲೇ ಹುಟ್ಟಿ ನಮ್ಮ ಮನೆ ಸೇರಿದ ನಾಯಿ. ವಯಸ್ಸು ಏಳು, ತೂಕ 19 ಕಿಲೋ, ಉಗುರೆಲ್ಲ ಕಪ್ಪು. ಅವನ ಉಗುರು ಕತ್ತರಿಸುವುದು ಸಾಮಾನ್ಯವಾಗಿ ನಾನೇ. ಈ ಸಲ ನನ್ನ ಬಲಗೈಗೆ ಪ್ಲಾಸ್ಟರ್ ಬಿದ್ದಿತ್ತು. ಹಾಗಾಗಿ ಜುಲೈನಲ್ಲಿ ನಿಮ್ಮ ಆ್ಯಪ್‌ನಲ್ಲಿ ಸ್ನಾನ, ಕಿವಿ, ಉಗುರು ಸೇರಿದ 1,799 ರೂಪಾಯಿಯ ಪ್ಯಾಕೇಜ್ ಬುಕ್ ಮಾಡಿದೆ.

ಮಳೆ ಹಿಡಿದಾಗಿನಿಂದ ಅವನ ಮುಂಗಾಲಿನ ಬೆರಳ ಸಂದಿ ಕೆಂಪಾಗಿತ್ತು. ಸದಾ ನೆಕ್ಕುತ್ತಿದ್ದ. ಎಂಜಲು ತಾಗಿ ತಾಗಿ ಪಾದದ ಬಿಳಿ ಕೂದಲು ಕಂದು ಬಣ್ಣಕ್ಕೆ ತಿರುಗಿತ್ತು. ಮೂಗು ಹತ್ತಿರ ತಂದರೆ ಹುಳಿ ವಾಸನೆ. ಅಲರ್ಜಿಯಿಂದ ಶುರುವಾಗಿ, ಒದ್ದೆಯಲ್ಲಿ ಯೀಸ್ಟ್ ಬೆಳೆದು ನಂಜಾಗಿದೆ ಎಂದು ನಮ್ಮ ಡಾಕ್ಟರ್ ಹೇಳಿದ್ದರು. ಕ್ಲೋರ್‌ಹೆಕ್ಸಿಡಿನ್ ಎಂಬ ಕ್ರಿಮಿನಾಶಕ ಇರುವ ವಾಶ್‌ನಲ್ಲಿ ತೊಳೆಯಬೇಕು. ತೊಳೆದ ಮೇಲೆ ಸಂದಿಯಲ್ಲಿ ನೀರು ನಿಲ್ಲದ ಹಾಗೆ ಬಟ್ಟೆ ತೂರಿಸಿ ಒರೆಸಬೇಕು. ತೊಳೆಯುವುದಕ್ಕಿಂತ ಒಣಗಿಸುವುದೇ ಮುಖ್ಯ ಎಂದು ಅವರು ಒತ್ತಿ ಹೇಳಿದ್ದರು.

ನಿಮ್ಮ ಫಾರಂನಲ್ಲಿ "ಆರೋಗ್ಯದ ಸಮಸ್ಯೆ ಇದ್ದರೆ ತಿಳಿಸಿ" ಎಂಬ ಜಾಗವಿದೆ. ಅಲ್ಲಿ ಹೀಗೆ ಬರೆದಿದ್ದೆ: "ಮುಂಗಾಲುಗಳಲ್ಲಿ ನಂಜಿದೆ, ಮುಟ್ಟಿದರೆ ನೋವು. ಉಗುರು ತುದಿ ಮಾತ್ರ ತೆಗೆಯಿರಿ. ಒಪ್ಪದಿದ್ದರೆ ಬಿಟ್ಟುಬಿಡಿ. ಹೆಬ್ಬೆರಳಿನ ಉಗುರು ಮಾತ್ರ ಮರೆಯಬೇಡಿ." ಇದರ ಸ್ಕ್ರೀನ್‌ಶಾಟ್ ನನ್ನ ಹತ್ತಿರ ಇದೆ.

ಬಂದ ಹುಡುಗರಿಬ್ಬರು ಮರ್ಯಾದಸ್ಥರು. ಅದನ್ನು ಹೇಳಲೇಬೇಕು. ಫಾರಂ ಓದಿದ್ದೀರಾ ಎಂದು ಕೇಳಿದಾಗ ಒಬ್ಬ ತನ್ನ ಫೋನ್ ತೋರಿಸಿದ. ನಾಯಿಯ ಹೆಸರು, ತಳಿ, ಪ್ಯಾಕೇಜ್, ವಿಳಾಸ. ಅಷ್ಟೇ. "ಅದು ಆಫೀಸ್‌ನೋರಿಗೆ ಕಾಣುತ್ತೆ ಮೇಡಂ, ನಮಗೆ ಬರಲ್ಲ" ಎಂದ. ನಾನು ಬಾಯಲ್ಲೇ ಎಲ್ಲ ಹೇಳಿದೆ. ತಲೆ ಆಡಿಸಿದರು. ಇನ್ನೂ ಮೂರು ಮನೆ ಇದೆ ಎಂದು ಗಡಿಯಾರ ನೋಡಿಕೊಂಡರು. ಮನೆಯವರು ಎದುರಿಗಿದ್ದರೆ ನಾಯಿ ಜಾಸ್ತಿ ಹಠ ಮಾಡುತ್ತದೆ ಎಂದು ವ್ಯಾನ್ ಬಾಗಿಲು ಹಾಕಿಕೊಂಡರು. ಕೆಲವು ನಾಯಿಗಳ ಮಟ್ಟಿಗೆ ಅದು ನಿಜವೂ ಹೌದು. ಆದರೆ ಒಳಗಿನಿಂದ ಗುಂಡ ಕಿರುಚಿದ್ದು ಗೇಟಿನವರೆಗೆ ಕೇಳಿಸಿತು. ನಾನು ಬಾಗಿಲು ತಟ್ಟಿದೆ. "ಏನಿಲ್ಲ ಮೇಡಂ, ಡ್ರೈಯರ್ ಸದ್ದಿಗೆ ಹೆದರ್ತಿದಾನೆ" ಎಂಬ ಉತ್ತರ ಬಂತು.

ಕೆಲಸ ಮುಗಿಸಿ, ಓಟಿಪಿ ತೆಗೆದುಕೊಂಡು, ಐದು ಸ್ಟಾರ್ ಕೊಡಿ ಎಂದು ಹೇಳಿ ಹೊರಟರು. ಗುಂಡ ಹಾಲ್ ದಾಟಿದ ದಾರಿಯುದ್ದಕ್ಕೂ ನೆಲದ ಮೇಲೆ ರಕ್ತದ ಚುಕ್ಕೆ. ಪಾದ ಎತ್ತಿ ನೋಡಿದರೆ ಮೂರು ಉಗುರಿನ ತುದಿಗೆ ರಕ್ತ ನಿಲ್ಲಿಸುವ ಹಳದಿ ಮಿಶ್ರಿತ ಕಂದು ಪುಡಿ ಮೆತ್ತಿದೆ. ಅದೇ ಪುಡಿ ಬೆರಳ ಸಂದಿಯ ಕೆಂಪು ಚರ್ಮದ ಮೇಲೂ ಬಿದ್ದಿದೆ. ಸಂದಿ ಇನ್ನೂ ಒದ್ದೆ. ಬೆನ್ನಿನ ಕೂದಲು ಮಾತ್ರ ಡ್ರೈಯರ್‌ನಲ್ಲಿ ಉಬ್ಬಿಸಿ, ಘಮಘಮ ಅನ್ನುವ ಹಾಗೆ ಸೆಂಟ್ ಹೊಡೆದಿದ್ದಾರೆ. ಫೋಟೋಗೆ ಚೆನ್ನಾಗಿ ಕಾಣಬೇಕಲ್ಲ.

ಆವತ್ತೇ ಸಂಜೆ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದೆವು. ಅವರು ಬರೆದ ಚೀಟಿಯ ಪ್ರತಿ ಲಗತ್ತಿಸಿದ್ದೇನೆ. ಮೂರು ಉಗುರು ಒಳಗಿನ ಹಸಿ ಭಾಗ ತೆರೆದುಕೊಳ್ಳುವಷ್ಟು ಹಿಂದಕ್ಕೆ ಅಡ್ಡಡ್ಡ ಕತ್ತರಿಸಿಹೋಗಿವೆ. ಅದರಲ್ಲಿ ಒಂದು ಜಜ್ಜಿ ಉದ್ದಕ್ಕೆ ಸೀಳಿದೆ. ಮೊಂಡು ಬ್ಲೇಡಿನ ಕೆಲಸ ಅದು. ಹರಿತವಾದ ಕಟರ್ ಉಗುರನ್ನು ಕತ್ತರಿಸುತ್ತದೆ, ಮೊಂಡಾದದ್ದು ಮೊದಲು ಹಿಸುಕುತ್ತದೆ. ಹಿಸುಕಿದಾಗಲೇ ನಾಯಿ ಕಾಲು ಎಳೆದುಕೊಳ್ಳುವುದು. ಅಂದರೆ ನೀವು ಕಾರಣ ಅಂತ ಕೊಟ್ಟಿರುವ ಅಲುಗಾಟವೇ ನಿಮ್ಮ ಕಟರ್‌ನಿಂದ ಬಂದಿರಬಹುದು.

ಗುಂಡನಿಗೆ ಸ್ವಲ್ಪ ಮಂಪರು ಬರಿಸಿ ಸೀಳಿದ ಚೂರನ್ನು ತೆಗೆದರು. ಪುಡಿಯನ್ನೆಲ್ಲ ಸಲೈನ್‌ನಲ್ಲಿ ತೊಳೆದರು. ಬ್ಯಾಂಡೇಜ್, ನೋವಿನ ಔಷಧ, ಆಂಟಿಬಯಾಟಿಕ್, ನೆಕ್ಕದ ಹಾಗೆ ಕುತ್ತಿಗೆಗೆ ಕೋನ್. ಉಗುರಿನ ಬುಡಕ್ಕೆ ನಂಜು ಏರಿದರೆ ಬೆರಳಿನ ಮೂಳೆಗೂ ಹೋಗಬಹುದು, ಅದಕ್ಕೇ ಇಷ್ಟು ಜೋಪಾನ ಎಂದರು. ಒಟ್ಟು ಖರ್ಚು 2,340 ರೂಪಾಯಿ.

ಇಷ್ಟೆಲ್ಲ ಆದ ಮೇಲೆ ನೋಡಿದರೆ, ನಾನು ಮರೆಯಬೇಡಿ ಎಂದಿದ್ದ ಹೆಬ್ಬೆರಳಿನ ಉಗುರು ಹಾಗೇ ಇದೆ! ಮುಂಗಾಲಿನ ಒಳಬದಿಯಲ್ಲಿ ಮೇಲೆ ಇರುವ ಆ ಉಗುರು ನೆಲಕ್ಕೆ ತಾಗುವುದಿಲ್ಲ. ಆದ್ದರಿಂದ ಸವೆಯುವುದಿಲ್ಲ. ಬಿಟ್ಟರೆ ಸುತ್ತಿಕೊಂಡು ಬೆಳೆದು ಚರ್ಮದೊಳಕ್ಕೇ ಚುಚ್ಚಿಕೊಳ್ಳುತ್ತದೆ. ರಸ್ತೆಯಲ್ಲಿ ಓಡಾಡಿ ತಾನಾಗೇ ಸವೆದಿದ್ದ ಉಗುರುಗಳನ್ನು ರಕ್ತ ಬರುವ ತನಕ ಕತ್ತರಿಸಿ, ಕತ್ತರಿಸಲೇಬೇಕಾದದ್ದನ್ನು ಬಿಟ್ಟುಹೋಗಿದ್ದಾರೆ. ಇದಕ್ಕೂ ನಾಯಿ ಅಲುಗಾಡಿದ್ದು ಕಾರಣವಾ?

ಕಪ್ಪು ಉಗುರಿನಲ್ಲಿ ಒಳಗಿನದು ಕಾಣುವುದಿಲ್ಲ ಎಂದು ನಿಮ್ಮ ಸೂಪರ್‌ವೈಸರ್ ಫೋನಿನಲ್ಲಿ ಹೇಳಿದರು. ಸರಿ, ಕಾಣುವುದಿಲ್ಲ. ನಾಯಿಯ ಉಗುರಿನ ಒಳಗೆ ಪೆನ್ಸಿಲ್‌ನ ಸೀಸದ ಹಾಗೆ ರಕ್ತನಾಳ, ನರ ಇರುವ ಹಸಿ ಭಾಗ ಇರುತ್ತದೆ. ಗ್ರೂಮಿಂಗ್‌ನವರು ಕ್ವಿಕ್ ಎನ್ನುವುದು ಇದನ್ನೇ. ಬಿಳಿ ಉಗುರಿನಲ್ಲಿ ಅದು ನಸುಗೆಂಪಾಗಿ ಹೊರಗಿನಿಂದಲೇ ಕಾಣುತ್ತದೆ. ಕಪ್ಪು ಉಗುರಾದರೆ ಒಂದೇ ಏಟಿಗೆ ಕತ್ತರಿಸಬಾರದು. ಒಂದೊಂದು ಮಿಲಿಮೀಟರ್‌ನಷ್ಟು ತೆಳ್ಳಗೆ ತೆಗೆಯುತ್ತ, ಪ್ರತಿ ಸಲವೂ ಕತ್ತರಿಸಿದ ಮುಖ ನೋಡಬೇಕು. ಮೊದಮೊದಲು ಅದು ಒಣಗಿ ಪುಡಿಪುಡಿಯಾಗಿ ಕಾಣುತ್ತದೆ. ಮಧ್ಯದಲ್ಲಿ ಮೆತ್ತಗಿನ ಬೂದುಗಪ್ಪು ಚುಕ್ಕೆ ಕಂಡ ತಕ್ಷಣ ನಿಲ್ಲಿಸಬೇಕು. ಅನುಮಾನ ಬಂದರೆ ಇನ್ನೂ ಮೊದಲೇ ನಿಲ್ಲಿಸಬೇಕು. ಸ್ವಲ್ಪ ಉದ್ದ ಉಳಿದರೆ ಏನೂ ನಷ್ಟವಿಲ್ಲ.

ಇದನ್ನು ನಿಮಗೆ ಪಾಠ ಹೇಳಲು ಬರೆಯುತ್ತಿಲ್ಲ. ನಿಮ್ಮ ಪ್ಯಾಕೇಜ್ ಇರುವ ರೀತಿಯಲ್ಲೇ ಈ ಕೆಲಸಕ್ಕೆ ಜಾಗವಿಲ್ಲ ಎಂದು ತೋರಿಸಲು ಬರೆದೆ. ಉಗುರು ಬೆಳೆಯಲು ಬಿಟ್ಟರೆ ಒಳಗಿನ ಹಸಿ ಭಾಗವೂ ಜೊತೆಗೆ ಉದ್ದವಾಗುತ್ತದೆ. ವಾರಕ್ಕೊಮ್ಮೆ ತುದಿ ತೆಗೆಯುತ್ತ ಬಂದರೆ ಅದು ನಿಧಾನಕ್ಕೆ ಹಿಂದೆ ಸರಿಯುತ್ತದೆ. ಒಂದೇ ಸಲಕ್ಕೆ ಗಿಡ್ಡ ಮಾಡುವ ಉಪಾಯ ಇಲ್ಲವೇ ಇಲ್ಲ. ನೀವೋ ಆ್ಯಪ್‌ನಲ್ಲಿ ಗಿಡ್ಡ ಉಗುರಿನ ಮೊದಲು-ನಂತರದ ಫೋಟೋ ಹಾಕುತ್ತೀರಿ. ಹುಡುಗರು ಆ ಫೋಟೋದಂತೆ ಕತ್ತರಿಸುತ್ತಾರೆ. ಗ್ರೈಂಡರ್ ಇದೆ ಎಂದೂ ಬರೆದುಕೊಂಡಿದ್ದೀರಿ. ನೋಯುವ ಕಾಲಿಗೆ ಅದು ವಾಸಿ. ಎರಡು ಮೂರು ಸೆಕೆಂಡ್ ತಾಗಿಸಿ ತೆಗೆದರೆ ಉಗುರು ಬಿಸಿಯಾಗುವುದಿಲ್ಲ. ವ್ಯಾನ್‌ನಲ್ಲಿ ಗ್ರೈಂಡರ್ ಇರಲಿಲ್ಲ. ರಿಪೇರಿಗೆ ಹೋಗಿದೆಯಂತೆ.

ರಕ್ತ ಬಂದ ಮೇಲೂ ಮಾಡುವುದು ಕಷ್ಟದ್ದಲ್ಲ. ಪುಡಿಯನ್ನು ಉಗುರಿನ ತುದಿಗೆ ಮಾತ್ರ ಒತ್ತಿ, ಕೆಲವು ನಿಮಿಷ ಬಿಡದೆ ಹಿಡಿಯಬೇಕು. ಪುಡಿ ಇಲ್ಲದಿದ್ದರೆ ಅಡುಗೆಮನೆಯ ಕಾರ್ನ್‌ಫ್ಲೋರ್ ಒತ್ತಿ ಹಿಡಿದರೂ ನಡೆಯುತ್ತದೆ. ನಾಯಿಯನ್ನು ಸ್ವಲ್ಪ ಹೊತ್ತು ಓಡಾಡಿಸಬಾರದು, ನಡೆದರೆ ಮತ್ತೆ ತೆರೆದುಕೊಳ್ಳುತ್ತದೆ. ಹಸಿ ಚರ್ಮದ ಮೇಲೆ ಆ ಪುಡಿ ಉರಿಯುತ್ತದೆ, ಅಲ್ಲಿಗೆ ಹಾಕಲೇಬಾರದು. ಹುಡುಗರು ಒಂದು ಮಾತು ಹೇಳಿದ್ದರೆ ಅವನನ್ನು ನಡೆಸದೆ ಎತ್ತಿಕೊಂಡು ಒಳಗೆ ತರುತ್ತಿದ್ದೆವು. ಪ್ಲಾಸ್ಟರ್ ನನ್ನ ಕೈಗೆ, ಮನೆಯಲ್ಲಿ ಬೇರೆಯವರೂ ಇದ್ದಾರೆ.

ನಿಮ್ಮ ಮೇಲ್‌ನ ಎರಡನೇ ಪ್ಯಾರಾ ಓದಿ ನಿಜಕ್ಕೂ ಸಿಟ್ಟು ಬಂತು. ಗಾಯ "ಬಿಸಿ ರಸ್ತೆಯಿಂದ ಅಥವಾ ಹಳೆಯ ಬಿರುಕಿನಿಂದ" ಆಗಿರಬಹುದಂತೆ. ಬೇಸಿಗೆಯ ಮಧ್ಯಾಹ್ನ ಡಾಂಬರು ಕಾದು ಪಾದ ಸುಡುವುದು ನನಗೂ ಗೊತ್ತು. ಅಂಗೈ ಹಿಂಭಾಗ ರಸ್ತೆಗೆ ಒತ್ತಿ ಏಳು ಸೆಕೆಂಡ್ ಇಡಲು ಆಗದಿದ್ದರೆ ನಾಯಿಯನ್ನೂ ನಡೆಸಬಾರದು. ಆದರೆ ಸುಡುವುದು ಅಡಿಯ ಮೆತ್ತೆ. ಅಲ್ಲಿ ಬೊಬ್ಬೆ ಬರುತ್ತದೆ, ಚರ್ಮ ಸುಲಿಯುತ್ತದೆ. ಗುಂಡನ ಮೆತ್ತೆಗಳು ಸರಿಯಾಗಿವೆ ಎಂದು ಡಾಕ್ಟರ್ ಬರೆದಿದ್ದಾರೆ. ಅದು ಮಳೆ ಸುರಿಯುತ್ತಿದ್ದ ಜುಲೈ. ಇನ್ನು ಹಳೆಯ ಬಿರುಕು ಅಡ್ಡಡ್ಡ ನೇರ ಗೆರೆ ಎಳೆದಂತೆ ಇರುವುದಿಲ್ಲ, ಅದರ ಮೇಲೆ ನಿಮ್ಮ ವ್ಯಾನಿನ ಪುಡಿಯೂ ಇರುವುದಿಲ್ಲ. ನೋಡದೆ, ಕೇಳದೆ ಸುಮ್ನೆ ಏನೋ ಒಂದು ಬರೆದು ಕಳಿಸಿದ್ದೀರಿ.

ಎಲ್ಲಕ್ಕಿಂತ ಗಂಭೀರವಾದದ್ದು ಇನ್ನೊಂದಿದೆ. ರಕ್ತ ಕಂಡ ಗಾಬರಿಯಲ್ಲಿ ಮೊದಲು ನಿಮ್ಮ ಕಸ್ಟಮರ್ ಕೇರ್‌ಗೇ ಫೋನ್ ಮಾಡಿದ್ದೆ. ಅಲ್ಲಿದ್ದವರು, "ನೋವಿದ್ರೆ ಅರ್ಧ ಪ್ಯಾರಾಸಿಟಮಾಲ್ ಕೊಡಿ ಮೇಡಂ, ಡೆಟಾಲ್ ಹಚ್ಚಿ" ಎಂದರು. ಪ್ಯಾರಾಸಿಟಮಾಲ್ ಅಂದಾಜಿನಲ್ಲಿ ಕೊಟ್ಟರೆ ನಾಯಿಯ ಲಿವರ್ ಹಾಳಾಗಬಹುದು. ಐಬುಪ್ರೊಫೆನ್, ಡೈಕ್ಲೊಫೆನಾಕ್ ಕೊಟ್ಟರೆ ಹೊಟ್ಟೆ, ಕಿಡ್ನಿಗೆ ಪೆಟ್ಟು. ಬೆಕ್ಕಿಗಂತೂ ಪ್ಯಾರಾಸಿಟಮಾಲ್‌ನ ಒಂದೇ ಮಾತ್ರೆಯಿಂದಲೂ ಜೀವ ಹೋಗಬಹುದು. ನೀವು ಬೆಕ್ಕುಗಳಿಗೂ ಸೇವೆ ಕೊಡುತ್ತೀರಿ. ಡೆಟಾಲ್ ಹಸಿ ಗಾಯಕ್ಕೆ ಉರಿ, ನಾಯಿ ಅದನ್ನು ನೆಕ್ಕಿ ಹೊಟ್ಟೆಗೂ ಸೇರಿಸುತ್ತದೆ. ಪ್ರಾಣಿಗಳಿಗೆ ಔಷಧ ಬರೆಯುವುದು ನೋಂದಾಯಿತ ಪಶುವೈದ್ಯರ ಕೆಲಸ ಎಂದು 1984ರ ಭಾರತೀಯ ಪಶುವೈದ್ಯಕೀಯ ಪರಿಷತ್ ಕಾಯ್ದೆ ಇದೆ. ಕಸ್ಟಮರ್ ಕೇರ್‌ನವರ ಕೆಲಸ ಅಲ್ಲ ಅದು. "ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ" ಎಂದು ಹೇಳಲು ಎಷ್ಟು ಹೊತ್ತು ಬೇಕು?

ಈಗ ನನಗೆ ಬೇಕಾದದ್ದು. ಪ್ಯಾಕೇಜಿನ 1,799 ಮತ್ತು ಚಿಕಿತ್ಸೆಯ 2,340, ಒಟ್ಟು 4,139 ರೂಪಾಯಿ ನನ್ನ ಖಾತೆಗೆ ಬರಬೇಕು. ವ್ಯಾಲೆಟ್ ಪಾಯಿಂಟ್ ಆಗಿ ಬೇಡ. ಗ್ರಾಹಕರು ಬರೆದ ಆರೋಗ್ಯದ ಟಿಪ್ಪಣಿ ವ್ಯಾನ್ ಹುಡುಗರ ಫೋನಿನಲ್ಲಿ ಕಾಣಬೇಕು, ಅದನ್ನು ಓದಿದ್ದೇನೆ ಎಂದು ಒತ್ತದೆ ಕೆಲಸ ಶುರುವಾಗಬಾರದು. ನಿಮ್ಮ ಆ್ಯಪ್ ಮಾಡುವವರಿಗೆ ಇದು ದೊಡ್ಡ ಕೆಲಸವೇನಲ್ಲ. ಉಗುರು ಬೇಡ ಎಂದವರಿಗೆ ಅದನ್ನು ಬಿಟ್ಟು ಬುಕ್ ಮಾಡುವ ಅವಕಾಶ ಇರಬೇಕು. ಗಾಯವಾದರೆ ಅಲ್ಲೇ ಹೇಳಿ, ಫೋಟೋ ತೆಗೆದು, ಬರೆದುಕೊಡುವ ಪದ್ಧತಿ ಬರಬೇಕು. ಫೋನ್ ಎತ್ತುವವರು ಯಾವ ಔಷಧದ ಹೆಸರನ್ನೂ ಹೇಳಬಾರದು ಎಂದು ಲಿಖಿತ ಆದೇಶ ಹೊರಡಿಸಿ, ಅದರ ಪ್ರತಿ ನನಗೆ ಕಳಿಸಿ.

ಆ ಹುಡುಗರ ಸಂಬಳದಲ್ಲಿ ಈ ದುಡ್ಡು ಮುರಿದುಕೊಳ್ಳಬೇಡಿ. ಹೇಳದೆ ಹೋದದ್ದು ಅವರ ತಪ್ಪು, ಅದನ್ನು ನಾನು ಮನ್ನಿಸಿಲ್ಲ. ಆದರೆ ಮೊಂಡು ಕಟರ್ ಕೊಟ್ಟವರು, ಒಂದು ದಿನಕ್ಕೆ ಅಷ್ಟೊಂದು ಮನೆ ಹಚ್ಚಿದವರು, ಟಿಪ್ಪಣಿಯನ್ನು ಆಫೀಸಿನಲ್ಲೇ ಇಟ್ಟುಕೊಂಡವರು ಬೇರೆ. ಗಾಯ ಆಯ್ತು ಎಂದು ಹೇಳಿದರೆ ರೇಟಿಂಗ್ ಬೀಳುತ್ತದೆ, ರೇಟಿಂಗ್ ಬಿದ್ದರೆ ಇನ್ಸೆಂಟಿವ್ ಹೋಗುತ್ತದೆ ಎಂದು ಅವರಲ್ಲೊಬ್ಬ ಆಮೇಲೆ ಫೋನಿನಲ್ಲಿ ಒಪ್ಪಿಕೊಂಡ. ಹೀಗಿದ್ದರೆ ಯಾರು ತಾನೇ ನಿಜ ಹೇಳುತ್ತಾರೆ?

"ಪ್ರಾಣಿಗೆ ಏನಾದರೂ ಆದರೆ ಸಂಸ್ಥೆ ಹೊಣೆಯಲ್ಲ" ಎಂಬ ಷರತ್ತಿಗೆ ನಾನು ಟಿಕ್ ಹಾಕಿದ್ದೇನೆ ಎಂದು ನೆನಪಿಸಿದ್ದೀರಿ. ಹಾಕದಿದ್ದರೆ ಬುಕಿಂಗ್ ಮುಂದೆ ಹೋಗುವುದೇ ಇಲ್ಲ. ಅದು ಅಜಾಗರೂಕತೆಗೂ ಸಿಕ್ಕ ಪರವಾನಗಿ ಎಂದು ನಾನು ಒಪ್ಪುವುದಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಇಂಥದ್ದಕ್ಕೆ ಸೇವಾ ನ್ಯೂನತೆ ಎನ್ನುತ್ತಾರೆ. ಈ ಪತ್ರ ತಲುಪಿದ 15 ದಿನಗಳಲ್ಲಿ ಮೇಲಿನ ಒಂದೊಂದು ಅಂಶಕ್ಕೂ ಬರವಣಿಗೆಯಲ್ಲಿ ಉತ್ತರ ಕೊಡಿ. ಬರದಿದ್ದರೆ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ರಲ್ಲಿ, ನಂತರ ಜಿಲ್ಲಾ ಗ್ರಾಹಕ ಆಯೋಗದಲ್ಲಿ ದೂರು ಕೊಡುತ್ತೇನೆ. 5 ಲಕ್ಷದವರೆಗಿನ ಪ್ರಕರಣಕ್ಕೆ ಅಲ್ಲಿ ಶುಲ್ಕವಿಲ್ಲ, ಎರಡು ವರ್ಷದ ಅವಧಿಯೂ ಇದೆ.

ಬುಕಿಂಗ್ ರಸೀದಿ, ಫಾರಂನ ಸ್ಕ್ರೀನ್‌ಶಾಟ್, ಪಾದಗಳ ಫೋಟೋ, ಡಾಕ್ಟರ್ ಚೀಟಿ ಮತ್ತು ಬಿಲ್‌ಗಳ ಪ್ರತಿ ಲಗತ್ತಿಸಿದ್ದೇನೆ. ಕಸ್ಟಮರ್ ಕೇರ್ ಕರೆಯನ್ನು ರೆಕಾರ್ಡ್ ಮಾಡುತ್ತೇವೆ ಎಂದು ನಿಮ್ಮ ಯಂತ್ರವೇ ಹೇಳಿತ್ತು. ಆ ರೆಕಾರ್ಡಿಂಗ್ ಅಳಿಸದೆ ಇಟ್ಟುಕೊಳ್ಳಿ.

ಇಂತಿ,
ನಿಮ್ಮ ಗ್ರಾಹಕಿ