ತಂತಿ ಕಾಕಾಗೆ ಮೊದಲ ನಮಸ್ಕಾರ

ಮೂರು ವರ್ಷದ ಕೆಲಸ ನಿನ್ನೆ ಮುಗಿಯಿತು. ವಿಜಯಪುರದ ಗಲ್ಲಿಗಳಲ್ಲಿ ಸೈಕಲ್ ಮೇಲೆ ಟೆಲಿಗ್ರಾಂ ಹಂಚುವ ಹುಡುಗನ ಗೇಮ್ ಇದು. ಹಳೆ ಗೇಮ್ ಆಡಿದವರಿಗೆ ಇದರ ಬೇರು ಕೂಡಲೇ ತಿಳಿಯುತ್ತದೆ. ಅಟಾರಿ ಗೇಮ್ಸ್ ಕಂಪನಿ 1985ರಲ್ಲಿ ತಂದ, ಕಾಸು ಹಾಕಿ ಆಡುವ ಯಂತ್ರದ ಗೇಮ್ ಪೇಪರ್‌ಬಾಯ್! ಆ ಯಂತ್ರಕ್ಕೆ ಸೈಕಲ್ ಹ್ಯಾಂಡಲ್ಲೇ ಇತ್ತು. ಸೋಮವಾರದಿಂದ ಭಾನುವಾರದವರೆಗೆ ಪೇಪರ್ ಎಸೆಯುತ್ತ ಹೋಗಬೇಕು. ಮನೆ ತಪ್ಪಿಸಿದರೆ ಆ ಗಿರಾಕಿ ಕೈಬಿಟ್ಟ ಹಾಗೆ. ನಾನು ಆಡಿದ್ದು ಮಾಮಾನ ಮನೆಯಲ್ಲಿ, ಟಿವಿಗೆ ಹಾಕುವ ಕ್ಯಾಸೆಟ್‌ನಲ್ಲಿ.

ಮೊದಲ ನಮಸ್ಕಾರ ನಮ್ಮ ಓಣಿಯ ಕಾಕಾಗೆ. ಅವರು ತಂತಿ ಹಂಚುತ್ತಿದ್ದವರು. ಮೊದಲು ನನ್ನ ಗೇಮ್‌ನ ಹುಡುಗನೂ ಟೆಲಿಗ್ರಾಂ ಬಾಗಿಲಿಗೆ ಎಸೆದು ಮುಂದೆ ಹೋಗುತ್ತಿದ್ದ. ಕಾಕಾ ನೋಡಿದವರೇ, "ತಂತಿ ಯಾರರ ಒಗೀತಾರೇನಪಾ? ಕೈಯಾಗ ಕೊಟ್ಟು ಸಹಿ ತಗೋಬೇಕು" ಎಂದರು. ಬೆಲ್ ಕೇಳಿದ ಕೂಡಲೇ ಮನೆಯವರ ಮುಖ ಬಾಡುತ್ತಿದ್ದದ್ದು, ಓದಲು ಬಾರದವರಿಗೆ ಹೊಸ್ತಿಲಲ್ಲಿ ನಿಂತು ತಾವೇ ಓದಿ ಹೇಳುತ್ತಿದ್ದದ್ದು, ಕೆಟ್ಟ ಸುದ್ದಿಯಾದರೆ ನೀರು ಕುಡಿಸಿ ಹೊರಡುತ್ತಿದ್ದದ್ದು, ಎಲ್ಲ ಹೇಳಿದರು. ತಂತಿ ಸೇವೆ 2013ರ ಜುಲೈನಲ್ಲೇ ನಿಂತುಹೋಯಿತು. ಇದೆಲ್ಲ ಬೇರೆ ಎಲ್ಲಿ ಸಿಗಬೇಕಿತ್ತು ನನಗೆ? ಮನೆಗೆ ಬಂದು ಎಸೆಯುವ ಬಟನ್ ತೆಗೆದುಬಿಟ್ಟೆ. ಈಗ ಹುಡುಗ ಇಳಿದು, ಬೆಲ್ ಒತ್ತಿ, ಸಹಿಗೆ ಕಾಯಬೇಕು. ಅತ್ತ ಗಡಿಯಾರ ಓಡುತ್ತಿರುತ್ತದೆ. ಆಟ ನನ್ನದಾದದ್ದು ಅಲ್ಲಿಂದ.

ಹೋದ ವರ್ಷ ಹಾರ್ಡ್‌ಡಿಸ್ಕ್ ಕೆಟ್ಟಿತು. ಬಾರಾ ಕಮಾನ್, ಗಾಂಧಿ ಚೌಕ, ಇಬ್ರಾಹಿಂ ರೋಜಾ, ಬರೀ 16 ಬಣ್ಣದಲ್ಲಿ ಚುಕ್ಕಿ ಚುಕ್ಕಿ ಜೋಡಿಸಿ ಮಾಡಿದ ಚಿತ್ರಗಳೆಲ್ಲ ಹೋದವು. ಹದಿನೈದು ದಿನ ಕಂಪ್ಯೂಟರ್ ಮುಟ್ಟಲಿಲ್ಲ. ಆಗ ಗೆಳೆಯ ಒಂದು ಪೆನ್‌ಡ್ರೈವ್ ತಂದ. ಮಕ್ಕಳಿಗೆ ತೋರಿಸೋಣ ಅಂತ ಹಿಂದೊಮ್ಮೆ ಸುಮ್ನೆ ಕಾಪಿ ಮಾಡಿಕೊಂಡಿದ್ದನಂತೆ. ಅರ್ಧಕ್ಕಿಂತ ಜಾಸ್ತಿ ಸಿಕ್ಕಿತು. ಅವನ ಕೈ ಹಿಡಿದು ಅತ್ತೆ. ಗೆಳೆಯಾ, ನಿನ್ನ ಋಣ ದೊಡ್ಡದು.

ಇನ್ನು ತಂಗಿ. ಕೊನೆಯ ಹಂತ ಗೋಳಗುಮ್ಮಟದ ಒಳಗೆ. ಅಲ್ಲಿ ಕೂಗು ಏಳು ಸಲ ಮರಳಬೇಕು ಅಲ್ವಾ? "ತಂತಿ ಬಂದದ್ರೀ" ಎಂದು ಕೂಗಿದ್ದು ಅವಳೇ. ಅದೇ ದನಿಯನ್ನು ಸ್ವಲ್ಪ ಸ್ವಲ್ಪ ತಡವಾಗಿ, ಪ್ರತಿ ಸಲ ಸಣ್ಣದು ಮಾಡುತ್ತ ಏಳು ಸಲ ಜೋಡಿಸಿದೆ.

ನಿನ್ನೆ ಸಂಜೆ ಕಾಕಾ ಆ ಹಂತ ಆಡಿದರು. ಏಳನೇ ದನಿ ಅಡಗುವವರೆಗೂ ಬಟನ್ ಒತ್ತದೆ ಕೂತಿದ್ದರು.