ಲೋಟ ಬೆವರಿದ ದಿನ ಮತ್ತು ನೂರನೇ ಶನಿವಾರ

ಕಳೆದ ಶನಿವಾರ ನಮ್ಮ ವಿಜ್ಞಾನ ಶಿಕ್ಷಕರ ಕೂಟ ನೂರನೇ ಸಲ ಸೇರಿತು. ಬೆಳಗಿನ ಶಾಲೆ ಮುಗಿಸಿ, ಊಟದ ಡಬ್ಬಿ ಹಿಡಿದು, ಎರಡೆರಡು ಬಸ್ಸು ಹತ್ತಿ ಹದಿನೇಳು ಜನ ಬಂದಿದ್ದರು. ಹನ್ನೊಂದು ವರ್ಷದ ಹಿಂದೆ ಮೊದಲ ಸಲ ಸೇರಿದಾಗ ನಾವಿದ್ದದ್ದು ನಾಲ್ಕೇ ಮಂದಿ. ಎಲ್ಲರೂ ನನಗೆ ಎರಡು ಮಾತಾಡಿ ಅಂದರು. ಗಂಟಲು ಕಟ್ಟಿತು, ಆಗಲಿಲ್ಲ. ಅವತ್ತು ಹೇಳಬೇಕಿದ್ದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ನಮಸ್ಕಾರ ಏಳನೇ ತರಗತಿಯ ಒಬ್ಬ ಹುಡುಗಿಗೆ.

ನಾನು ಉತ್ತರ ಕನ್ನಡದ ಕರಾವಳಿಯ ಸರ್ಕಾರಿ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಇಲ್ಲಿ ಮಕ್ಕಳು ನಮ್ಮನ್ನು ಅಕ್ಕೋರು ಅಂತ ಕರೆಯುತ್ತಾರೆ. ಒಂದು ಮಳೆಗಾಲದಲ್ಲಿ ನೀರಿನ ಪಾಠ ನಡೀತಿತ್ತು. ಮೀನಿನ ಅಂಗಡಿಯಿಂದ ಐಸ್ ತರಿಸಿ, ಸ್ಟೀಲ್ ಲೋಟಕ್ಕೆ ಹಾಕಿ ಮೇಜಿನ ಮೇಲಿಟ್ಟೆ. ಸ್ವಲ್ಪ ಹೊತ್ತಿಗೆ ಲೋಟದ ಹೊರಗೆಲ್ಲ ಹನಿ. ಈ ನೀರು ಎಲ್ಲಿಂದ ಬಂತು ಅಂತ ಕೇಳಿದೆ.

"ಒಳಗಿಂದ ಅಕ್ಕೋರೇ. ಲೋಟ ಬೆವರ್ತದೆ" ಅಂದಳು ಆ ಹುಡುಗಿ.

"ತಪ್ಪು, ಕೂತ್ಕೋ" ಅಂದೆ. ಹಿಂದಿನ ಬೆಂಚಿನ ಹುಡುಗ ಪುಸ್ತಕ ನೋಡಿಕೊಂಡು, ಗಾಳಿಯಲ್ಲಿರುವ ನೀರಾವಿ ತಂಪಾಗಿ ಹನಿಯಾಗುತ್ತದೆ ಅಂತ ಓದಿದ. ಅವನಿಗೆ ಶಭಾಷ್ ಸಿಕ್ಕಿತು.

ಸಂಜೆ ಮನೆಯಲ್ಲಿ ಮಣ್ಣಿನ ಮಡಿಕೆಯಿಂದ ನೀರು ಬಗ್ಗಿಸಿಕೊಳ್ಳುವಾಗ ಕೈಗೆ ಒದ್ದೆ ತಾಗಿತು. ಮಡಿಕೆಯ ಹೊಟ್ಟೆಯ ಸುತ್ತ ತೇವ. ಅದು ಒಳಗಿನ ನೀರೇ. ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳಿಂದ ಜಿನುಗಿ ಬಂದು ಆವಿಯಾಗುತ್ತೆ, ಅದಕ್ಕೇ ಮಡಿಕೆ ನೀರು ತಂಪು. ಆ ಹುಡುಗಿ ಹುಟ್ಟಿದಾಗಿನಿಂದ ನೋಡಿದ್ದು ಇದನ್ನೇ. ಒಳಗೆ ತಣ್ಣೀರು, ಹೊರಗೆ ಒದ್ದೆ. ಮಡಿಕೆಯಲ್ಲಿ ಕಂಡದ್ದನ್ನು ಅವಳು ಲೋಟಕ್ಕೆ ಹಚ್ಚಿ ನೋಡಿದ್ದಳು. ವಿಜ್ಞಾನ ಶುರುವಾಗೋದೇ ಹೀಗೆ ಅಲ್ವಾ? ಅವತ್ತು ನನ್ನ ತರಗತಿಯಲ್ಲಿ ನಿಜವಾಗಿ ಯೋಚನೆ ಮಾಡಿದವಳನ್ನೇ ನಾನು ಕೂರಿಸಿಬಿಟ್ಟಿದ್ದೆ. ರಾತ್ರಿ ನಿದ್ದೆ ಹತ್ತಲಿಲ್ಲ.

ಮರುದಿನ ಅವಳನ್ನೇ ಎಬ್ಬಿಸಿ, "ನೀನು ಹೇಳಿದ್ದು ಹೌದೋ ಅಲ್ವೋ ಹೇಗೆ ನೋಡೋಣ?" ಅಂದೆ. ಒಬ್ಬ ಹುಡುಗ, ನೀರಿಗೆ ಅರಿಶಿನ ಹಾಕೋಣ ಅಂದ. ಹಾಕಿದೆವು. ಹೊರಗಿನ ಹನಿಗೆ ಬಣ್ಣ ಬರಲಿಲ್ಲ. ಅವಳು ಒಪ್ಪಲಿಲ್ಲ. "ಅರಿಶಿನ ಒಳಗೇ ಉಳಿದು, ನೀರು ಮಾತ್ರ ಬಂದಿರಬಹುದು. ಸೋಸಿದ ಹಾಗೆ." ಎಂಥ ಮಾತು! ಅರಿಶಿನ ನೀರಲ್ಲಿ ಪೂರ್ತಿ ಕರಗೋದಿಲ್ಲವಲ್ಲ. ನನಗೆ ಏನು ಹೇಳಬೇಕೋ ತೋಚಲಿಲ್ಲ. ದಾರಿ ತೋರಿಸಿದ್ದೂ ಅವಳೇ. "ತೂಕ ಹಾಕುವ ಅಕ್ಕೋರೇ. ಒಳಗಿನ ನೀರೇ ಹೊರಗೆ ಬಂದ್ರೆ ತೂಕ ಅಷ್ಟೇ ಇರ್ಬೇಕು."

ಶಾಲೆಯ ತಕ್ಕಡಿಗೆ ಅಷ್ಟು ಸೂಕ್ಷ್ಮ ತಿಳಿಯುತ್ತಿರಲಿಲ್ಲ. ನಮ್ಮೂರಿನ ಅಕ್ಕಸಾಲಿಗರ ಹತ್ತಿರ ಕೇಳಿದೆ. ಚಿನ್ನ ತೂಗುವ ತಕ್ಕಡಿಯನ್ನು ಅವರು ಬಟ್ಟೆಯಲ್ಲಿ ಸುತ್ತಿ, ಮಳೆಯಲ್ಲೇ ತಾವೇ ಹೊತ್ತು ತಂದರು. ಐಸ್ ಹಾಕಿದ ಲೋಟಕ್ಕೆ ಮುಚ್ಚಳ ಮುಚ್ಚಿ ತೂಗಿದೆವು. ಅರ್ಧ ಗಂಟೆ ಬಿಟ್ಟು ನೋಡಿದರೆ ತೂಕ ಎರಡು ಗ್ರಾಂ ಹತ್ತಿರ ಜಾಸ್ತಿ. ಅವಳು ಆ ಅಂಕಿಯನ್ನೇ ನೋಡುತ್ತಾ ನಿಂತಳು. ಆಮೇಲೆ ನಿಧಾನಕ್ಕೆ, "ಹಾಗಾದ್ರೆ ಹೊರಗಿಂದಲೇ ಬಂತು" ಅಂದಳು. ಯಾರೂ ಅವಳಿಗೆ ಹೇಳಿಕೊಡಲಿಲ್ಲ. ಅಕ್ಕಸಾಲಿಗರು ಗೋಡೆಗೆ ಒರಗಿ ನಿಂತು ಇಡೀ ಪಾಠ ಕೇಳಿದರು. ಅಂಗಡಿ ಮುಚ್ಚಿ ಬಂದದ್ದಕ್ಕೆ ಒಂದು ಕಪ್ ಚಹಾ ಬಿಟ್ಟು ಬೇರೇನೂ ತಗೊಳ್ಳಲಿಲ್ಲ. ಅವರ ಋಣ ದೊಡ್ಡದು.

ಆ ಹುಡುಗಿ ಈಗ ಮಂಗಳೂರಿನಲ್ಲಿ ನರ್ಸ್. ಮೊನ್ನೆ ಫೋನ್ ಮಾಡಿ ಇದನ್ನೆಲ್ಲ ಹೇಳಿದೆ. "ನಂಗೆ ನೆನಪೇ ಇಲ್ಲ ಅಕ್ಕೋರೇ" ಅಂದಳು. ಇರಲಿ, ನನಗೆ ನೆನಪಿದೆ.

ನಾನು ಬಿ.ಎಡ್ ಮಾಡುವಾಗ ಪಾಠ ಯೋಜನೆ ಬರೆದು ಬರೆದು ಬೆರಳು ನೋಯುತ್ತಿತ್ತು. ಶಿಕ್ಷಕರ ಚಟುವಟಿಕೆ ಒಂದು ಕಡೆ, ವಿದ್ಯಾರ್ಥಿಗಳ ಚಟುವಟಿಕೆ ಒಂದು ಕಡೆ. ಪ್ರಶ್ನೆಯ ಎದುರಿಗೆ ಮಕ್ಕಳು ಕೊಡಬೇಕಾದ ಉತ್ತರವನ್ನೂ ನಾವೇ ಬರೆಯುತ್ತಿದ್ದೆವು. ಮಗು ಬೇರೇನಾದರೂ ಹೇಳಿದರೆ? ಅದಕ್ಕೆ ಆ ಹಾಳೆಯಲ್ಲಿ ಜಾಗವೇ ಇರಲಿಲ್ಲ. ನಮ್ಮ ಕೂಟ ಹುಟ್ಟಿದ್ದು ಆ ಜಾಗ ಹುಡುಕಲಿಕ್ಕೆ.

ತಿಂಗಳಿಗೊಮ್ಮೆ ಸೇರೋಣ ಅಂತ ಹೇಳಿದವರು ನನಗಿಂತ ಹಿರಿಯರಾದ ಒಬ್ಬ ಮಾಸ್ತರರು. ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯಲ್ಲಿ 1972ರಲ್ಲಿ 16 ಶಾಲೆಗಳಲ್ಲಿ ಶುರುವಾದ ವಿಜ್ಞಾನ ಕಲಿಕೆಯ ಕೆಲಸದ ಬಗ್ಗೆ ಅವರು ನಮಗೆ ಹೇಳಿದರು. ಅಲ್ಲಿ ಮಕ್ಕಳು ಪ್ರಯೋಗ ಮಾಡಿಯೇ ಕಲಿಯುತ್ತಿದ್ದರು. ಶಿಕ್ಷಕರು ತಿಂಗಳಿಗೊಮ್ಮೆ ಕೂತು ತಮ್ಮ ಕಷ್ಟ ಸುಖ ಮಾತಾಡುತ್ತಿದ್ದರು. 2002ರಲ್ಲಿ ಸರ್ಕಾರ ಅದನ್ನು ನಿಲ್ಲಿಸಿತು. ಆದರೂ ಅಲ್ಲಿನ ಶಿಕ್ಷಕರ ರೂಢಿ ಇಷ್ಟು ದೂರ ಬಂದು ನಮ್ಮ ಊರಿನ ಒಂದು ಕೋಣೆಯಲ್ಲಿ ಉಳಿದಿದೆ. ಮುಖ ನೋಡದ ಆ ಶಿಕ್ಷಕರಿಗೆಲ್ಲ ನಮಸ್ಕಾರ.

ಕೂಟದಲ್ಲಿ ನಮ್ಮದೊಂದೇ ನಿಯಮ. ಯಾರಾದರೂ ಒಬ್ಬರು ಮಗುವಿನ ಮಾತನ್ನು ಇದ್ದ ಹಾಗೇ ತರಬೇಕು. ಮೊದಲ ಅರ್ಧ ಗಂಟೆ ಸರಿ ತಪ್ಪು ಅನ್ನುವಂತಿಲ್ಲ. ಮಗು ಏನನ್ನು ನೋಡಿ ಹೀಗೆ ಹೇಳಿತು ಅನ್ನೋದಷ್ಟೇ ಮಾತು. ಕೇಳಲು ಸುಲಭ, ಕೂರಲು ಕಷ್ಟ. ನಾಲಿಗೆ ತುರಿಸುತ್ತೆ.

ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ ಅನ್ನುವವರು ಶಿಕ್ಷಕರು ಪ್ರಶ್ನೆ ಕೇಳಿ ಎಷ್ಟು ಹೊತ್ತು ಕಾಯುತ್ತಾರೆ ಅಂತ ಅಳೆದಿದ್ದರು. ಸುಮಾರು ಒಂದು ಸೆಕೆಂಡ್! ಮೂರು ಸೆಕೆಂಡ್ ಕಾದರೆ ಮಕ್ಕಳ ಉತ್ತರ ಉದ್ದವಾಗುತ್ತಿತ್ತು, ಸುಮ್ಮನಿದ್ದವರೂ ಬಾಯಿ ಬಿಡುತ್ತಿದ್ದರು. ನಾವೂ ಮೊಬೈಲ್‌ನಲ್ಲಿ ನಮ್ಮ ಪಾಠ ರೆಕಾರ್ಡ್ ಮಾಡಿ ಕೇಳಿದೆವು. ನಾನು ಒಂದು ಸೆಕೆಂಡ್ ಕೂಡ ಕಾಯುತ್ತಿರಲಿಲ್ಲ. ಆಮೇಲೆ ಎಷ್ಟೋ ತಿಂಗಳು ಪ್ರಶ್ನೆ ಕೇಳಿ, ಸೆರಗಿನ ತುದಿ ಬಿಗಿ ಹಿಡಿದು ಮನಸ್ಸಲ್ಲೇ ಒಂದು ಎರಡು ಮೂರು ಎಣಿಸುತ್ತಿದ್ದೆ.

ಹಾಗೆ ಕಾದದ್ದಕ್ಕೆ ಸಿಕ್ಕಿದ್ದು ಒಂದನ್ನು ಹೇಳಲೇಬೇಕು. ನಮ್ಮ ಗೆಳತಿಯೊಬ್ಬರು, ಗೊರಟೆಯಿಂದ ಇಷ್ಟು ದೊಡ್ಡ ಮಾವಿನ ಮರ ಆಯ್ತಲ್ಲ, ಆ ಮರ ಎಲ್ಲ ಎಲ್ಲಿಂದ ಬಂತು ಅಂತ ಕೇಳಿದ್ದರು. ಎಲ್ಲರೂ "ಮಣ್ಣಿಂದ" ಅಂದರು. ಅವರು ಕಾದರು. ಯಾವತ್ತೂ ಮಾತಾಡದ ಹುಡುಗನೊಬ್ಬ ಎದ್ದ. "ಹಾಗಾದ್ರೆ ಮರದ ಬುಡದಲ್ಲಿ ದೊಡ್ಡ ಗುಂಡಿ ಬೀಳ್ಬೇಕಿತ್ತಲ್ಲ ಅಕ್ಕೋರೇ?"

ಸುಮಾರು 400 ವರ್ಷದ ಹಿಂದೆ ಯುರೋಪಿನ ವಿಜ್ಞಾನಿ ವಾನ್ ಹೆಲ್ಮಾಂಟ್ ಕೇಳಿಕೊಂಡದ್ದು ಇದೇ ಪ್ರಶ್ನೆ. 200 ಪೌಂಡ್ ಮಣ್ಣಿನಲ್ಲಿ 5 ಪೌಂಡಿನ ಗಿಡ ನೆಟ್ಟು ಐದು ವರ್ಷ ನೀರು ಹಾಕಿದ. ಮರ 169 ಪೌಂಡ್ ಆಯಿತು, ಮಣ್ಣು ಕಡಿಮೆಯಾದದ್ದು ಬರೀ 2 ಔನ್ಸ್. ಮರ ಎಲ್ಲ ನೀರಿಂದಲೇ ಆಯ್ತು ಅಂತ ಅವನು ತೀರ್ಮಾನ ಮಾಡಿದ. ಗಾಳಿಯ ಪಾಲು ಅವನಿಗೆ ಹೊಳೆಯಲಿಲ್ಲ. ಅಷ್ಟು ದೊಡ್ಡವನಿಗೇ ಅರ್ಧ ದಾರಿ ಸಿಕ್ಕಿದ್ದಾದರೆ, ಹನ್ನೆರಡು ವರ್ಷದ ಮಗುವಿಗೆ ನಾವು ಸ್ವಲ್ಪ ಸಮಯ ಕೊಡಬೇಕಲ್ವಾ?

ಕಷ್ಟದ ದಿನಗಳೂ ಇದ್ದವು. ತಪಾಸಣೆಗೆ ಬಂದವರೊಬ್ಬರು ಮಕ್ಕಳ ವಾದ ಕೇಳಿ, ಇದು ಶಾಲೆಯೋ ಸಂತೆಯೋ ಅಂತ ಎಲ್ಲರೆದುರು ಬೈದರು. ತುಂಬಾ ನೋವಾಯಿತು. ನಮ್ಮ ಹೆಡ್‌ಮಾಸ್ತರರು ನನ್ನ ಪಕ್ಕ ಬಂದು ನಿಂತು, "ಒಂದು ಹತ್ತು ನಿಮಿಷ ಕೂತು ಕೇಳಿ ಸರ್" ಅಂದರು. ಆ ಹತ್ತು ನಿಮಿಷಕ್ಕೆ, ಇಷ್ಟು ವರ್ಷ ಕೋಣೆಯ ಬೀಗದ ಕೈ ಕೊಟ್ಟದ್ದಕ್ಕೆ ಅವರಿಗೆ ಎಷ್ಟು ಕೃತಜ್ಞತೆ ಹೇಳಿದರೂ ಸಾಲದು. ಕೊರೋನಾದಲ್ಲಿ ಫೋನಿನಲ್ಲೇ ಕೂಟ ನಡೆಸಿದ ಗೆಳೆಯರಿಗೆ, ಶನಿವಾರ ಸಂಜೆ ಅಡುಗೆ ಮನೆ ನೋಡಿಕೊಂಡ ನನ್ನ ಯಜಮಾನರಿಗೆ, ಅತ್ತೆಗೆ ನಮಸ್ಕಾರ.

ಈಗ ಬಿ.ಎಡ್ ಓದುತ್ತಿರುವ ಹುಡುಗ ಹುಡುಗಿಯರೂ ನಮ್ಮ ಜೊತೆ ಕೂರುತ್ತಾರೆ. ನೂರನೇ ಕೂಟಕ್ಕೆ ಮಗುವಿನ ಮಾತು ತಂದದ್ದು ಅವರಲ್ಲೊಬ್ಬಳು. "ಮಧ್ಯಾಹ್ನ ದಿನಾ ನಮ್ಮ ನೆರಳು ಕಾಲಡಿ ಹೋಗಿ ಅಡಗ್ತದೆ." ನಮ್ಮಲ್ಲಿ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬಂದು ನೆರಳು ಹಾಗೆ ಪೂರ್ತಿ ಅಡಗೋದು ವರ್ಷಕ್ಕೆ ಎರಡೇ ದಿನ. ಆಗಸ್ಟ್‌ನಲ್ಲಿ ಬಂದಾಗ ಮಳೆಮೋಡ, ಏಪ್ರಿಲ್ ಕೊನೆಗೆ ಬಂದಾಗ ಶಾಲೆಗೆ ರಜೆ. ಅದನ್ನು ಅವಳು ಮಕ್ಕಳಿಗೆ ಹೇಳಿಬಿಡಲಿಲ್ಲ. ದಿನಾ ಹನ್ನೆರಡೂವರೆಗೆ ಅಂಗಳದಲ್ಲಿ ಕೋಲು ನೆಟ್ಟು ನೆರಳಿನ ತುದಿಗೆ ಗುರುತು ಹಾಕಿಸುತ್ತಿದ್ದಾಳೆ. ರಜೆಯಲ್ಲೂ ಬರುತ್ತೇವೆ ಅಂತ ಹನ್ನೊಂದು ಮಕ್ಕಳು ಹೆಸರು ಕೊಟ್ಟಿದ್ದಾರಂತೆ. ನನ್ನ ಹೆಸರನ್ನೂ ಬರೆದುಕೋ ಅಂದಿದ್ದೇನೆ.