ಮಿಲ್ ಮನೆಯ ಸೂರಿಗೆ ನಿಮ್ಮದೂ ಒಂದು ಹಂಚು ಇರಲಿ

ಊರಿನವರೇ, ಊರು ಬಿಟ್ಟು ಬೆಂಗಳೂರು, ಮೈಸೂರು ಸೇರಿದವರೇ, ಇಲ್ಲಿಂದ ಮದುವೆಯಾಗಿ ಹೋದ ಅಕ್ಕ ತಂಗಿಯರೇ, ನಮಸ್ಕಾರ.

ನೇರವಾಗಿ ವಿಷಯಕ್ಕೆ ಬರುತ್ತೇವೆ. ಊರ ಬಾಗಿಲಲ್ಲಿರುವ ಹಳೇ ರೈಸ್ ಮಿಲ್ಲಿನ ಸೂರು ಕುಸಿಯುತ್ತಿದೆ. ಪಡುವಣ ಕಡೆಯ ರೀಪು, ಜಂತೆ ಗೆದ್ದಲು ಹಿಡಿದು ಹೋಗಿವೆ. ಮಿಲ್ ನಡೆಸುತ್ತಿದ್ದ ಮನೆಯವರು ಕಟ್ಟಡವನ್ನೂ ಒಳಗಿನ ಯಂತ್ರಗಳನ್ನೂ ನಮ್ಮ ಟ್ರಸ್ಟಿಗೆ ಬರೆದುಕೊಟ್ಟಿದ್ದಾರೆ. ಗುಜರಿಯವರು ಒಳ್ಳೇ ರೇಟು ಹೇಳಿದ್ದರೂ ಅವರು ಕೊಡಲಿಲ್ಲ. ಆ ದೊಡ್ಡತನಕ್ಕೆ ಏನು ಹೇಳೋದು! ಇದನ್ನು ರಿಪೇರಿ ಮಾಡಿಸಿ, ಒಂದು ಭಾಗವನ್ನು ಶಾಲೆ ಮಕ್ಕಳು ಓದುವ ಕೋಣೆ ಮಾಡುತ್ತೇವೆ. ಇನ್ನೊಂದು ಭಾಗದಲ್ಲಿ ಮಿಲ್ಲನ್ನು ಇದ್ದ ಹಾಗೇ ಉಳಿಸುತ್ತೇವೆ. ಅದಕ್ಕೆ ನಿಮ್ಮ ಸಹಾಯ ಬೇಕು.

ಹಳೇ ಮಿಲ್ ಇಟ್ಟುಕೊಂಡು ಏನು ಮಾಡ್ತೀರಿ ಅಂತ ಬಹಳ ಜನ ಕೇಳಿದರು. ನ್ಯಾಯವಾದ ಪ್ರಶ್ನೆಯೇ.

ನಮ್ಮ ಜಿಲ್ಲೆಯ ಬೇಲೂರು, ಹಳೇಬೀಡು 2023ರಲ್ಲಿ ಯುನೆಸ್ಕೊ ಪಟ್ಟಿ ಸೇರಿದವು. ನಮಗೆಲ್ಲ ಹೆಮ್ಮೆ. ಆದರೆ ಆ ಕಾಲದ ದೇವಸ್ಥಾನಗಳಲ್ಲಿ ದೀಪ ಉರಿಯುತ್ತಿದ್ದದ್ದು ಹಳ್ಳಿಯ ಗಾಣದ ಎಣ್ಣೆಯಿಂದ. ನಂದಾದೀವಿಗೆಗೆ ಗಾಣ ಬಿಟ್ಟದ್ದು, ಎಣ್ಣೆ ಬಿಟ್ಟದ್ದು ಹೊಯ್ಸಳರ ಶಾಸನಗಳಲ್ಲಿ ಬರುತ್ತದೆ. ಗಾಣದೆರೆ ಅಂತ ತೆರಿಗೆಯೇ ಇತ್ತು. ಶಾಸನ ತಜ್ಞ ಬಿ.ಎಲ್. ರೈಸ್ ಅವರು ನಮ್ಮ ಹಾಸನ ಜಿಲ್ಲೆಯ ಶಾಸನಗಳ ಸಂಪುಟವನ್ನು 1902ರಲ್ಲೇ ಅಚ್ಚು ಹಾಕಿಸಿದ್ದಾರೆ, ಆಸಕ್ತಿ ಇದ್ದವರು ನೋಡಬಹುದು. ಗುಡಿ ಕಟ್ಟಿಸಿದವರ ಹೆಸರು ಶಾಲೆ ಪುಸ್ತಕದಲ್ಲಿದೆ. ಎಣ್ಣೆ ತೆಗೆದವರ, ಭತ್ತ ಕುಟ್ಟಿದವರ ಕತೆಯನ್ನು ಇಟ್ಟುಕೊಳ್ಳುವ ಜಾಗ ಒಂದೂ ಇಲ್ಲ, ಅಲ್ವಾ?

ನಮ್ಮೂರಲ್ಲೂ ಗಾಣ ಇತ್ತು. ಅರಳಿಕಟ್ಟೆ ಪಕ್ಕ ಅರ್ಧ ಹೂತಿರುವ ದೊಡ್ಡ ಕಲ್ಲು ನೆನಪಿದೆಯಲ್ಲ, ಮಕ್ಕಳು ಅದರ ಗುಂಡಿಯಲ್ಲಿ ಮಳೆನೀರು ಎರಚಾಡುತ್ತಿದ್ದದ್ದು, ಅದೇ ಗಾಣದ ಕಲ್ಲು. ಹುಚ್ಚೆಳ್ಳು, ಹರಳು, ಕೊಬ್ಬರಿ ಎಲ್ಲ ಅದರಲ್ಲೇ ಅರೆಯುತ್ತಿದ್ದರು. ಎಣ್ಣೆ ಮನೆಗೆ, ಹಿಂಡಿ ದನಕ್ಕೆ. ಗಾಣ ಮಾಡಿಸಿದವರ ಹೆಸರನ್ನು ಕಲ್ಲಿನ ಬಾಯಿ ಸುತ್ತ ಕೆತ್ತಿದ ಹಳೇ ಗಾಣಗಳು ಕರ್ನಾಟಕದಲ್ಲಿ ಸಿಕ್ಕಿವೆ. ನಮ್ಮದರ ಮೇಲೆ ಅಕ್ಷರ ಇಲ್ಲ. ಹಾಗಂತ ಅದು ರಸ್ತೆ ಕೆಲಸದವರ ಜೆಸಿಬಿಗೆ ಸಿಕ್ಕಿ ಒಡೆದುಹೋಗಬೇಕಾ? ಅದನ್ನೂ ಎತ್ತಿಸಿ ಮಿಲ್ ಅಂಗಳದಲ್ಲಿ ನಿಲ್ಲಿಸಬೇಕು.

ಮಿಲ್ ಬರುವ ಮುಂಚೆ ಭತ್ತ ಕುಟ್ಟುವುದು ಒರಳು, ಒನಕೆಯಲ್ಲಿ. ರಾಗಿ ಬೀಸುವುದು ಬೀಸುವ ಕಲ್ಲಲ್ಲಿ. ಕೋಳಿ ಕೂಗುವ ಹೊತ್ತಿಗೆ ಹೆಂಗಸರು ಎದ್ದು ಕೂತರೆ ಹೊತ್ತು ಹುಟ್ಟುವಷ್ಟರಲ್ಲಿ ಆ ದಿನದ ಹಿಟ್ಟು. ಕುಟ್ಟಿದ ಅಕ್ಕಿ ಎಷ್ಟು ಒಳ್ಳೇದು ಅಂತ ಈಗ ಜಾಸ್ತಿ ಹೊಗಳುವವರು ಒನಕೆ ಹಿಡಿದೇ ನೋಡದ ಗಂಡಸರು! ನಮ್ಮ ಅಜ್ಜಿಯರನ್ನು ಕೇಳಿದರೆ ಮಿಲ್ ಬಂದ ದಿನವೇ ಅವರಿಗೆ ಹಬ್ಬ.

ಬಂದದ್ದು ಕ್ರೂಡಾಯಿಲ್ ಎಂಜಿನ್. ತಲೆಯನ್ನು ಬ್ಲೋ ಲ್ಯಾಂಪಿನಲ್ಲಿ ಕಾಯಿಸಿ, ದೊಡ್ಡ ಚಕ್ರವನ್ನು ಕೈಯಲ್ಲಿ ತಿರುಗಿಸಿ ಚಾಲೂ ಮಾಡಬೇಕಿತ್ತು. ಅದರಿಂದ ಪಟ್ಟಾ ಎಳೆದು ಒಂದು ಕಡೆ ಭತ್ತದ ಹೊಟ್ಟು ಬಿಡಿಸುವ ಹಲ್ಲರ್, ಇನ್ನೊಂದು ಕಡೆ ಹಿಟ್ಟಿನ ಕಲ್ಲು. ಹೊಗೆ ಕೊಳವೆಯ ತುದಿಗೆ ಸಿಕ್ಕಿಸಿದ್ದ ಡಬ್ಬದಿಂದ ಕೂಕ್ ಕೂಕ್ ಅಂತ ಸದ್ದು. ಅದು ಕೇಳಿದರೆ ಸುತ್ತಲ ಹಳ್ಳಿಯವರಿಗೆ ಇವತ್ತು ಮಿಲ್ ಇದೆ ಅಂತ ಗೊತ್ತಾಗುತ್ತಿತ್ತು. ತಲೆ ಮೇಲೆ ಕುಕ್ಕೆ ಹೊತ್ತವರು, ಗಾಡಿ ಕಟ್ಟಿಕೊಂಡು ಬಂದವರು, ಎಲ್ಲರೂ ಒಂದೇ ಸಾಲಲ್ಲಿ ಕಾಯಬೇಕು. ಮೂರು ಕಾಸಿನ ಗತ್ತು ಇದ್ದವರಿಗೂ ಮೂಗು ಹಿಟ್ಟು ಹಿಟ್ಟು. ಸಂಬಂಧ ಕುದುರುತ್ತಿದ್ದದ್ದೂ, ಜಗಳ ಹತ್ತಿಕೊಳ್ಳುತ್ತಿದ್ದದ್ದೂ ಆ ಜಗುಲಿಯಲ್ಲೇ.

ಹಲ್ಲರಿನ ಕೆಲಸ ಸರಳ. ಮೇಲಿನಿಂದ ಭತ್ತ ಸುರಿದರೆ ಕಬ್ಬಿಣದ ರೋಲರ್ ಅದನ್ನು ಒಳಗಿನ ಪಟ್ಟಿಗೆ ಉಜ್ಜುತ್ತದೆ. ಹೊಟ್ಟು, ತೌಡು ಬೆರೆತು ಜಾಲರಿಯಿಂದ ಕೆಳಗೆ ಬೀಳುತ್ತದೆ, ಅಕ್ಕಿ ಮುಂದಿನ ಬಾಯಿಂದ ಬರುತ್ತದೆ. ನುಚ್ಚು ಜಾಸ್ತಿ ಆಗುತ್ತಿತ್ತು, ನಿಜ. ಆದರೆ ಈಗಿನ ಮಿಲ್ಲಿನ ಹಾಗೆ ಕನ್ನಡಿ ಹೊಳಪು ಕೊಡಬೇಕೆಂಬ ಹಟ ಯಾರಿಗೂ ಇರಲಿಲ್ಲ. ರಾಜಮುಡಿಯನ್ನು ಒಂದೇ ಸಲ ಬಿಟ್ಟರೆ ಕೆಂಪು ಉಳಿಯುತ್ತಿತ್ತು. ಹೊಳೆನರಸೀಪುರ ಸೀಮೆಯ ಈ ಅಕ್ಕಿ ಮೈಸೂರು ಒಡೆಯರ ಅರಮನೆಗೆ ಹೋಗುತ್ತಿತ್ತು ಅನ್ನುವ ಮಾತು ನಮ್ಮ ಕಡೆ ಎಲ್ಲರ ಬಾಯಲ್ಲೂ ಇದೆ.

1958ರ ಅಕ್ಕಿ ಗಿರಣಿ ಕಾಯ್ದೆ ಬಂದ ಮೇಲೆ ಮಿಲ್ಲಿಗೆ ಲೈಸೆನ್ಸ್ ಬೇಕಾಯಿತು. ಆಮೇಲೆ ಕರೆಂಟು ಬಂತು, ಮೋಟಾರು ಕೂತಿತು. 1979ರಲ್ಲಿ ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಆಯಿತು. ಮುಂದೆ ನಾಲೆ ನೀರು ಬಂದ ಕಡೆಯೆಲ್ಲ ಭತ್ತ ಹೆಚ್ಚಿತು, ಮಿಲ್ಲಿಗೂ ಒಳ್ಳೇ ಕಾಲ. ಆಮೇಲೆ ಒಂದೊಂದೇ ಕಳಚಿಕೊಂಡಿತು. ಗದ್ದೆಗೆ ಶುಂಠಿ, ಜೋಳ ಬಂದವು. ಇದ್ದ ಭತ್ತವನ್ನೂ ವ್ಯಾಪಾರಿಗಳು ಕಣದಿಂದಲೇ ಲಾರಿಗೆ ತುಂಬಿಕೊಂಡು ಹೋಗತೊಡಗಿದರು. 2013ರಲ್ಲಿ ಅನ್ನಭಾಗ್ಯ ಶುರುವಾಯಿತು, ಮನೆಗೆ ಅಕ್ಕಿ ಸೊಸೈಟಿಯಿಂದಲೇ ಬಂತು. ಬಡವರ ಹೊಟ್ಟೆ ತುಂಬಿತು, ಅದರಲ್ಲಿ ದೂರುವಂಥದ್ದು ಏನೂ ಇಲ್ಲ. ಮಿಲ್ಲಿಗೆ ಮಾತ್ರ ಕೆಲಸ ಉಳಿಯಲಿಲ್ಲ.

ಈಗ ಆಗಬೇಕಾದದ್ದು. ಮೊದಲು ಸೂರು. ಮೇಲಿರುವುದು ಮಂಗಳೂರು ಹಂಚು, ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಲ್ಲಿ ಮಾಡಲು ಶುರು ಮಾಡಿದ ತರಹದ್ದೇ. ಶೀಟು ಹಾಕಿಸಿದರೆ ಅಗ್ಗ, ಗೊತ್ತು. ಆದರೆ ಬೇಸಿಗೆಯಲ್ಲಿ ಮಕ್ಕಳು ಅದರ ಕೆಳಗೆ ಕೂತು ಓದಲು ಆಗುವುದಿಲ್ಲ. ನೀವು ಹಳೇ ಮನೆ ಕೆಡವಿ ಆರ್‌ಸಿಸಿ ಹಾಕಿಸುತ್ತಿದ್ದರೆ ಹಂಚು, ತೊಲೆ, ಕಿಟಕಿ ಯಾವುದನ್ನೂ ಸುಮ್ನೆ ಮಾರಬೇಡಿ. ಒಂದು ಮಾತು ಹೇಳಿ ಕಳಿಸಿ, ನಾವೇ ಟ್ರ್ಯಾಕ್ಟರ್ ತರುತ್ತೇವೆ. ಹಣ ಕೊಡುವವರು ನೂರು ರೂಪಾಯಿ ಕೊಟ್ಟರೂ ಸಂತೋಷ. ಬಡಗಿ, ಗಾರೆ ಕೆಲಸ ಬಲ್ಲವರು ಎರಡು ದಿನದ ದುಡಿಮೆ ಕೊಟ್ಟರೆ ಅದೂ ದೇಣಿಗೆಯೇ.

ಹಣವನ್ನು ಟ್ರಸ್ಟಿನ ಬ್ಯಾಂಕ್ ಖಾತೆಗೆ ಮಾತ್ರ ಹಾಕಿ. ಯಾರ ಕೈಗೂ, ಯಾರ ಸ್ವಂತ ಫೋನ್ ಪೇಗೂ ಬೇಡ, ಅವರು ಟ್ರಸ್ಟಿಯೇ ಆಗಿದ್ದರೂ. ರಸೀದಿ ಕೇಳಿ ಪಡೆಯಿರಿ. ಬಂದದ್ದು, ಖರ್ಚಾದದ್ದು ಎರಡನ್ನೂ ತಿಂಗಳಿಗೊಮ್ಮೆ ಪಂಚಾಯ್ತಿ ಬೋರ್ಡಿಗೆ ಅಂಟಿಸುತ್ತೇವೆ, ಊರಿನ ವಾಟ್ಸಾಪ್ ಗುಂಪಿಗೂ ಹಾಕುತ್ತೇವೆ. ತೆರಿಗೆ ವಿನಾಯಿತಿಯ ಪತ್ರ ನಮ್ಮಲ್ಲಿಲ್ಲ, ಆ ಆಸೆಯಿಂದ ಕೊಡಬೇಡಿ. ದಾನಿಗಳ ಹೆಸರಿನ ಗ್ರಾನೈಟ್ ಕಲ್ಲನ್ನೂ ನೆಡುವುದಿಲ್ಲ. ಅದಕ್ಕೆ ಆಗುವ ದುಡ್ಡಲ್ಲಿ ಮಕ್ಕಳಿಗೆ ಪುಸ್ತಕ ಬರುತ್ತದೆ. ಹೆಸರುಗಳು ಒಂದು ದಪ್ಪ ರಿಜಿಸ್ಟರಿನಲ್ಲಿರುತ್ತವೆ, ಯಾರು ಬೇಕಾದರೂ ತೆಗೆದು ನೋಡಬಹುದು.

ಇನ್ನೊಂದು ಕೋರಿಕೆ. ಅಟ್ಟ ಹುಡುಕಿ. ಸೇರು, ಕೊಳಗ, ಒನಕೆ, ಮಿಲ್ ಕೂಲಿ ಬರೆದ ಹಳೇ ಲೆಕ್ಕದ ಪುಸ್ತಕ, ಮಿಲ್ ಮುಂದೆ ತೆಗೆಸಿದ ಫೋಟೊ, ಏನಿದ್ದರೂ ತನ್ನಿ. ಕೊಟ್ಟೇಬಿಡಲು ಮನಸ್ಸಿಲ್ಲದಿದ್ದರೆ ಇಟ್ಟುಕೊಳ್ಳಲು ಕೊಡಿ, ಬೇಕೆಂದಾಗ ವಾಪಸ್ ಕೊಡುತ್ತೇವೆ ಅಂತ ಚೀಟಿ ಬರೆದುಕೊಡುತ್ತೇವೆ. ಮನೆಯಲ್ಲಿ ಹಿರಿಯರಿದ್ದರೆ ಅವರ ಮಾತನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿ ಕಳಿಸಿ. ಸೂರಿನ ಕೆಲಸ ಮಾತ್ರ ಮುಂಗಾರು ಹಿಡಿಯುವ ಮುಂಚೆ ಮುಗಿಯಬೇಕು, ಆದ್ದರಿಂದ ಹಂಚು ಕೊಡುವವರು ಮೊದಲು ತಿಳಿಸಿ.

ನಿಮ್ಮವರು,
ಮಿಲ್ ಮನೆ ಟ್ರಸ್ಟಿಗಳು ಮತ್ತು ಊರಿನವರು